ಮೊದಲ ಕಾರಿನ ವಿಮೆ: ಯಾರಿಗಿದೆ, ಯಾರಿಗಿಲ್ಲ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ವರ್ಷವೋ ಬರುವ ವರ್ಷವೋ ಮೊದಲ ಕಾರು ಕೊಳ್ಳಬೇಕೆಂದಿರುವ ಯುವಕ ಯುವತಿಯರ ಜೊತೆ, ಅವರ ಅಪ್ಪ ಅಮ್ಮಂದಿರ ಜೊತೆ ಇವತ್ತಿನ ಮಾತು. ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಕಾರು ಎಂದರೆ ಡಾಕ್ಟರದು, ಕಂಟ್ರಾಕ್ಟರದು, ಇಲ್ಲವೇ ಈರುಳ್ಳಿ-ಶೇಂಗಾ ದಲಾಲಿ ಅಂಗಡಿಯವರದು. ಈಗ ಹಾಗಿಲ್ಲ. ನೌಕರಿ ಸಿಕ್ಕ ಎರಡನೇ ವರ್ಷಕ್ಕೆ ಮೇಷ್ಟ್ರು ಕಾರು ತರುತ್ತಾರೆ. ಬೆಂಗಳೂರಿನಲ್ಲಿ ದುಡಿಯುವ ಮಗ ಊರಿಗೆ ಬರುವಾಗ ಕಾರಿನಲ್ಲೇ ಬರುತ್ತಾನೆ. ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಸಿಕ್ಕ ವರ್ಷ ರೈತರ ಮನೆ ಮುಂದೆ ಸೆಕೆಂಡ್ ಹ್ಯಾಂಡ್ ಗಾಡಿ ಬಂದು ನಿಲ್ಲುತ್ತದೆ. ಸಂತೋಷ. ಬರಲಿ.

ಕಾರು ಕೊಳ್ಳುವಾಗ ಮನೆಯವರೆಲ್ಲ ಕೂತು ಚರ್ಚೆ ಮಾಡುತ್ತಾರೆ. ಬಣ್ಣ ಯಾವುದು, ಲೀಟರಿಗೆ ಎಷ್ಟು ಕಿಲೋಮೀಟರ್, ತಿಂಗಳ ಕಂತು ಎಷ್ಟು, ಕೊಟ್ಟೂರೇಶ್ವರನ ಗುಡಿ ಮುಂದೆ ಪೂಜೆ ಯಾವ ವಾರ. ಷೋರೂಮಿನ ಕೊಟೇಶನ್ ಹಾಳೆಯ ಕೆಳಸಾಲಿನಲ್ಲಿ ಇನ್ಸೂರೆನ್ಸ್ ಅಂತ ಒಂದು ಮೊತ್ತ ಬರೆದಿರುತ್ತದೆ. ಅದನ್ನು ಯಾರೂ ಬಿಡಿಸಿ ಕೇಳುವುದಿಲ್ಲ. ಕೇಳಿದವರಿಗೆ ಸಿಗುವ ಉತ್ತರ ಒಂದೇ: "ಐತಿ ತಗೋರಿ, ಮೂರು ವರ್ಷದ್ದು ಮಾಡ್ಸೀವಿ." ಈ ಉತ್ತರದಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ಗೊತ್ತಿಲ್ಲದೆ ಎಷ್ಟೋ ಮನೆಗಳು ಕಷ್ಟಕ್ಕೆ ಬಿದ್ದಿವೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಾರಿನ ವಿಮೆಯಲ್ಲಿ ನಾಲ್ಕು ಕಡೆಯ ಲೆಕ್ಕ ಇರುತ್ತದೆ. ರಸ್ತೆಯಲ್ಲಿರುವ ಹೊರಗಿನವರು, ಕಾರು, ಕಾರಿನೊಳಗೆ ಕೂತವರು, ಸ್ಟೀರಿಂಗ್ ಹಿಡಿದವರು. ಪಾಲಿಸಿ ಕೈಗೆ ಬಂದಾಗ ಕಂತು ಎಷ್ಟು ಕಮ್ಮಿ ಆಯಿತು ಎಂದು ನೋಡುವ ಮೊದಲು, ಈ ನಾಲ್ವರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ನೋಡಬೇಕು.

ಅದಕ್ಕೂ ಮುಂಚೆ ಒಂದು ಸಮಾಧಾನದ ಸಂಗತಿ. ಇಂಗ್ಲೆಂಡಿನಂಥ ದೇಶಗಳಲ್ಲಿ ಹದಿನೆಂಟು ಇಪ್ಪತ್ತರ ಹುಡುಗರು ಕಾರು ಕೊಂಡರೆ ವಿಮೆಯ ಕಂತು ಕೇಳಿಯೇ ಎದೆ ಒಡೆಯುತ್ತದೆ. ವಯಸ್ಸು ಕಮ್ಮಿ ಇದ್ದಷ್ಟೂ ಕಂತು ಜಾಸ್ತಿ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯ, ಅಂದರೆ ಹೊರಗಿನವರಿಗಾಗುವ ಹಾನಿಯ ವಿಮೆಯ, ಕಂತಿಗೂ ವಯಸ್ಸಿಗೂ ಸಂಬಂಧವೇ ಇಲ್ಲ. ಎಂಜಿನ್ ಎಷ್ಟು ಸಿಸಿ ಎಂಬುದರ ಮೇಲೆ ಸರ್ಕಾರವೇ ದರ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಬಂದ ದರಪಟ್ಟಿಯಂತೆ ಸಾವಿರ ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಸಾವಿರದಿಂದ ಒಂದೂವರೆ ಸಾವಿರ ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಇದರ ಮೇಲೆ ಜಿಎಸ್‌ಟಿ. ಕಾರಿನ ಸ್ವಂತ ಹಾನಿಯ ಕಂತನ್ನು ಕಂಪನಿಗಳು ಮುಖ್ಯವಾಗಿ ಕಾರಿನ ಬೆಲೆ, ಎಂಜಿನ್, ಎಷ್ಟು ವರ್ಷ ಹಳೆಯದು, ಎಲ್ಲಿ ನೋಂದಣಿ ಆಗಿದೆ ಎಂಬುದರ ಮೇಲೆ ಲೆಕ್ಕ ಹಾಕುತ್ತವೆ. ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದ್ ಸೇರಿ ಎಂಟು ಮಹಾನಗರಗಳು 'ಎ' ವಲಯ, ಮಿಕ್ಕಿದ್ದೆಲ್ಲ 'ಬಿ' ವಲಯ ಎಂಬುದು ಹಳೆಯ ದರಸೂತ್ರ. ಹೊಸಪೇಟೆಯ ಕೆಎ-35 ಇರಲಿ, ದಾವಣಗೆರೆ ಜಿಲ್ಲೆಯಲ್ಲಿದ್ದಾಗ ಹರಪನಹಳ್ಳಿಯವರು ಹಾಕಿಸಿದ ಕೆಎ-17 ಇರಲಿ, ನಮ್ಮ ಗಾಡಿಗಳೆಲ್ಲ 'ಬಿ' ವಲಯದವು. ಹಾಗಾಗಿ ನಮ್ಮ ಹುಡುಗರ ಕಷ್ಟ ಹೆಚ್ಚಿನ ಕಂತಿನಿಂದ ಬರುವುದಲ್ಲ. ಪಾಲಿಸಿಯನ್ನು ಓದದೆ ಸಹಿ ಹಾಕುವುದರಿಂದ ಬರುವುದು.

ಮೊದಲು ರಸ್ತೆಯಲ್ಲಿರುವವರ ಮಾತು.

ಹೊರಗಿನವರ ಪ್ರಾಣಕ್ಕೆ, ಮೈಗೆ, ಆಸ್ತಿಗೆ ನಮ್ಮ ಕಾರಿನಿಂದ ಆದ ಹಾನಿಯನ್ನು ತುಂಬಿಕೊಡುವುದೇ ಥರ್ಡ್ ಪಾರ್ಟಿ ವಿಮೆ. ಇದು ನಿನ್ನೆ ಮೊನ್ನೆಯ ಕಾನೂನಲ್ಲ. 1939ರ ಮೋಟಾರು ವಾಹನ ಕಾಯ್ದೆಯ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂತು. ಆಗ ಈ ನೆಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈಗಿನ 1988ರ ಕಾಯ್ದೆಯ 146ನೇ ಕಲಮು ಹೇಳುವುದೂ ಅದನ್ನೇ: ಈ ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ದಂಡಕ್ಕೆ ಹೆದರಿ ವಿಮೆ ಮಾಡಿಸುವವರಿದ್ದಾರೆ. ಹೆದರಬೇಕಾದ್ದು ದಂಡಕ್ಕಲ್ಲ. ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಇಪ್ಪತ್ತೈದು ವರ್ಷದ ಒಬ್ಬ ಕೂಲಿಯಾಳು, ತಿಂಗಳ ದುಡಿಮೆ ಹದಿನೈದು ಸಾವಿರ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಒಂದು ಮಗು, ತಾಯಿ. ನಿಮ್ಮ ಕಾರು ಬಡಿದು ಆತ ತೀರಿಕೊಂಡ. ಪರಿಹಾರ ಲೆಕ್ಕ ಹಾಕುವ ರೀತಿಯನ್ನು ಸುಪ್ರೀಂ ಕೋರ್ಟ್ 2009ರ ಮತ್ತು 2017ರ ತೀರ್ಪುಗಳಲ್ಲಿ ಗೊತ್ತು ಮಾಡಿದೆ. ಮುಂದೆ ಆತನ ದುಡಿಮೆ ಹೆಚ್ಚುತ್ತಿತ್ತು ಎಂದು ಶೇಕಡಾ 40 ಕೂಡಿಸುತ್ತಾರೆ, 21 ಸಾವಿರವಾಯಿತು. ಆತನ ಸ್ವಂತ ಖರ್ಚು ಎಂದು ಮೂರರಲ್ಲಿ ಒಂದು ಪಾಲು ಕಳೆಯುತ್ತಾರೆ. 14 ಸಾವಿರ ಉಳಿಯಿತು. ವರ್ಷಕ್ಕೆ 1 ಲಕ್ಷ 68 ಸಾವಿರ. ಆ ವಯಸ್ಸಿಗೆ ಇದನ್ನು 18ರಿಂದ ಗುಣಿಸಬೇಕು. 30 ಲಕ್ಷ 24 ಸಾವಿರ ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬ್ತು ಬೇರೆ. ಥರ್ಡ್ ಪಾರ್ಟಿ ವಿಮೆ ಇದ್ದರೆ ಸಾವು ನೋವಿನ ಪರಿಹಾರಕ್ಕೆ ಮಿತಿಯೇ ಇಲ್ಲ. ಕೋರ್ಟು ಎಷ್ಟು ಹೇಳುತ್ತದೋ ಅಷ್ಟನ್ನೂ ಕಂಪನಿ ಕಟ್ಟುತ್ತದೆ. ವಿಮೆ ಇಲ್ಲದಿದ್ದರೆ ಅದೇ ಮೂವತ್ತು ಲಕ್ಷ ಮಾಲೀಕನ ತಲೆಯ ಮೇಲೆ. ಹೊಲ, ಮನೆ ಜಪ್ತಿಗೆ ಬರುತ್ತವೆ. ಎರಡು ಮೂರು ಸಾವಿರದ ಕಂತು ಉಳಿಸಲು ಹೋಗಿ ಎರಡು ಎಕರೆ ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.

ನಮ್ಮ ರಸ್ತೆಗಳ ರೀತಿ ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಪಾದಯಾತ್ರಿಗಳು ಇಡೀ ರಾತ್ರಿ ನಡೆದು ಬರುತ್ತಾರೆ. ಮೈಲಾರದ ಕಾರ್ಣಿಕಕ್ಕೆ, ಉಚ್ಚಂಗಿದುರ್ಗದ ಹುಣ್ಣಿಮೆಗೆ ಟ್ರ್ಯಾಕ್ಟರು, ಚಕ್ಕಡಿ ಸಾಲುಗಟ್ಟುತ್ತವೆ. ಟ್ರೇಲರಿನ ಹಿಂದೆ ಕೆಂಪು ದೀಪ ಇರುವುದಿಲ್ಲ. ಕಬ್ಬು ತುಂಬಿದ ಗಾಡಿ ತಿರುವಿನಲ್ಲೇ ನಿಂತಿರುತ್ತದೆ. ಹೆದ್ದಾರಿ 50ರ ಚತುಷ್ಪಥದಲ್ಲಿ ಕೂಡ್ಲಿಗಿವರೆಗೆ ನೂರರಲ್ಲಿ ಬಂದವನಿಗೆ ಕೊಟ್ಟೂರಿನ ಕಡೆ ಹೊರಳಿದ ಮೇಲೂ ಕಾಲು ಹಗುರವಾಗುವುದಿಲ್ಲ. ಹೊಸದಾಗಿ ಕಲಿತವರು ಅಲ್ಲೇ ಎಡವುವುದು.

ಆಸ್ತಿಯ ವಿಷಯಕ್ಕೆ ಬಂದರೆ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ 7 ಲಕ್ಷ 50 ಸಾವಿರ ರೂಪಾಯಿವರೆಗೆ ರಕ್ಷಣೆ ಇದೆ. ಇನ್ನೊಬ್ಬರ ಬೈಕು, ಅಂಗಡಿಯ ಶಟರು, ಎಮ್ಮೆ, ಕುರಿ ಎಲ್ಲ ಇದರಲ್ಲೇ ಬರುತ್ತವೆ. ಆದರೆ ನಮ್ಮಲ್ಲಿ ನಡೆಯುವುದೇ ಬೇರೆ. ಸಂಜೆ ಹೊತ್ತು ಕುರಿಹಿಂಡಿಗೆ ಕಾರು ನುಗ್ಗಿತು, ಐದಾರು ಕುರಿ ಸತ್ತವು. ಜನ ಸೇರಿದರು. ದೊಡ್ಡವರೊಬ್ಬರು ನಿಂತು ಪಂಚಾಯ್ತಿ ಮಾಡಿದರು, ಹುಡುಗನ ಅಪ್ಪ ಅಲ್ಲೇ ದುಡ್ಡು ಎಣಿಸಿದ. ಮರುದಿನ ಪಾಲಿಸಿ ಹಿಡಿದು ಕಂಪನಿಗೆ ಹೋದರೆ ಅವರು ಕೊಡುವುದಿಲ್ಲ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುವ ಮಾತು ಕೊಡಬಾರದು, ಹಣ ಕೊಡಲೂಬಾರದು ಎಂಬ ಷರತ್ತು ಎಲ್ಲ ಪಾಲಿಸಿಯಲ್ಲೂ ಇದೆ. ಕುರಿಗಾಹಿಗೆ ನ್ಯಾಯ ಸಿಗಲೇಬೇಕು. ಮೊದಲು ಕಂಪನಿಗೆ ಫೋನು, ಠಾಣೆಗೆ ದೂರು, ಸ್ಥಳದ ಫೋಟೋ. ಅದಾದ ಮೇಲೆ ಮಾತುಕತೆ.

ಇನ್ನು ಕಾರಿನ ಮಾತು. "ಮೂರು ವರ್ಷದ್ದು ಮಾಡ್ಸೀವಿ" ಎಂಬುದರ ಒಳಗುಟ್ಟು ಇರುವುದು ಇಲ್ಲಿ.

2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. 2022ರ ದರಪಟ್ಟಿಯಲ್ಲಿ ಇದು ಸಾವಿರ ಸಿಸಿವರೆಗೆ 6,521 ರೂಪಾಯಿ, ಒಂದೂವರೆ ಸಾವಿರ ಸಿಸಿವರೆಗೆ 10,640. ಕಾರಿನ ಸ್ವಂತ ಹಾನಿಗೆ, ಅಂದರೆ ಓನ್ ಡ್ಯಾಮೇಜಿಗೆ, ಸಾಮಾನ್ಯವಾಗಿ ಒಂದೇ ವರ್ಷದ ವಿಮೆ ಜೋಡಿಸಿರುತ್ತಾರೆ. ಮೂರು ವರ್ಷಕ್ಕೂ ಎರಡನ್ನೂ ಸೇರಿಸಿ ಕೊಡುವ ಪದ್ಧತಿಯನ್ನು 2020ರ ಆಗಸ್ಟಿನಿಂದ ನಿಲ್ಲಿಸಲಾಯಿತು. ಹೀಗಾಗಿ ಹೊಸ ಕಾರಿನ ಪಾಲಿಸಿಯಲ್ಲಿ ಎರಡು ಕೊನೆಯ ದಿನಾಂಕಗಳಿರುತ್ತವೆ. ಮೊದಲ ವರ್ಷ ಮುಗಿದ ಮೇಲೆ ಕಾರು ಕಳ್ಳತನವಾದರೂ ಬೆಂಕಿ ಬಿದ್ದರೂ ಮರಕ್ಕೆ ಗುದ್ದಿದರೂ ಒಂದು ಪೈಸೆ ಬರುವುದಿಲ್ಲ, ನೀವು ಆ ಭಾಗವನ್ನು ನವೀಕರಿಸದಿದ್ದರೆ. ಪೊಲೀಸರು ತಪಾಸಣೆ ಮಾಡಿದಾಗ ವಿಮೆ ಇದೆ ಎಂದೇ ತೋರಿಸುತ್ತದೆ. ಅದಕ್ಕೇ ಈ ಲೋಪ ಯಾರ ಗಮನಕ್ಕೂ ಬರುವುದಿಲ್ಲ.

ಬೆಂಕಿ ಎಂದೆ. ಅದು ಬರೀ ಮಾತಿಗೆ ಹೇಳಿದ್ದಲ್ಲ. ಸುಗ್ಗಿಯಲ್ಲಿ ನಮ್ಮವರು ಹುರುಳಿ, ನವಣೆ, ತೊಗರಿಯನ್ನು ಡಾಂಬರು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ಗಾಡಿಗಳು ತುಳಿದು ಹೋಗಲಿ ಅಂತ. ಲಾರಿಗೆ ಏನೂ ಆಗುವುದಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಹುರುಳಿಯ ಬಳ್ಳಿ ಚಕ್ರದ ದಂಡಕ್ಕೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಬಿಸಿಗೆ ಹೊಗೆಯಾಡುತ್ತದೆ, ಓಡುವ ಗಾಳಿಗೆ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂದಿದೆ. ಒಕ್ಕಣೆಯ ರಾಶಿ ಕಂಡರೆ ಗಾಡಿ ನಿಧಾನಿಸಿ, ಸಾಧ್ಯವಾದರೆ ಬದಿಗೆ ಸರಿದು ಹೋಗಿ. ದಾಟಿದ ಮೇಲೆ ನಿಲ್ಲಿಸಿ ಒಮ್ಮೆ ಬಗ್ಗಿ ನೋಡಿ. ಸ್ವಂತ ಹಾನಿಯ ವಿಮೆ ಇದ್ದವರಿಗೆ ಈ ಬೆಂಕಿಗೂ ಪರಿಹಾರ ಇದೆ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಇಲ್ಲ.

ಹಳ್ಳದ ನೀರಿನದು ಸ್ವಲ್ಪ ಸೂಕ್ಷ್ಮ. ಪ್ರವಾಹದ ಹಾನಿ ಸ್ವಂತ ಹಾನಿಯ ವಿಮೆಯಲ್ಲಿ ಸೇರಿದೆ. ಆದರೆ ನೀರಿನ ನಡುವೆ ಬಂದಾದ ಕಾರನ್ನು ಮತ್ತೆ ಮತ್ತೆ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ, ಅದು ನೀವೇ ಮಾಡಿಕೊಂಡ ಹಾನಿ ಎಂದು ಕಂಪನಿ ಹೇಳುತ್ತದೆ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ಇದ್ದರೆ ಮಾತು ಬೇರೆ. ನೀರಿನಲ್ಲಿ ಕಾರು ನಿಂತರೆ ಕೀಲಿ ಮುಟ್ಟಬೇಡಿ, ತಳ್ಳಿಸಿ ಹೊರಗೆ ತನ್ನಿ.

ಕಾರು ಪೂರ್ತಿ ಹೋಯಿತು ಎಂದರೆ ಎಷ್ಟು ಸಿಗುತ್ತದೆ? ಪಾಲಿಸಿಯಲ್ಲಿ ಐಡಿವಿ ಎಂದು ಬರೆದ ಮೊತ್ತ. ಆರು ಲಕ್ಷದ ಕಾರು ಎಂದುಕೊಳ್ಳಿ. ಹೊಸದರಲ್ಲಿ ಶೇಕಡಾ 5 ಕಳೆದು 5 ಲಕ್ಷ 70 ಸಾವಿರ. ಒಂದು ವರ್ಷ ದಾಟಿದರೆ ಶೇಕಡಾ 20 ಕಳೆದು 4 ಲಕ್ಷ 80 ಸಾವಿರ. ಎರಡು ದಾಟಿದರೆ 4 ಲಕ್ಷ 20 ಸಾವಿರ. ನಾಲ್ಕು ದಾಟಿದರೆ ಅರ್ಧ, 3 ಲಕ್ಷ. ಸಾಲದ ಕಾರಾದರೆ ಈ ಹಣದಲ್ಲಿ ಮೊದಲ ಪಾಲು ಬ್ಯಾಂಕಿನದು. ಏಳು ವರ್ಷದ ಕಂತು ಕಟ್ಟಿಕೊಂಡವರಿಗೆ ಕಾರೂ ಇಲ್ಲ, ಸಾಲವೂ ಮುಗಿಯಲಿಲ್ಲ ಎಂಬ ಸ್ಥಿತಿ ಬರಬಹುದು. ಕಂತು ಕಮ್ಮಿ ಮಾಡಿಕೊಡುತ್ತೇನೆ ಎನ್ನುವ ಏಜೆಂಟರು ಎಷ್ಟೋ ಸಲ ಕಮ್ಮಿ ಮಾಡುವುದು ಈ ಐಡಿವಿಯನ್ನೇ. ಎರಡು ಕಂಪನಿಗಳ ಕಂತನ್ನು ಹೋಲಿಸುವಾಗ ಐಡಿವಿ ಒಂದೇ ಇದೆಯೇ ಎಂದು ನೋಡಿ ಹೋಲಿಸಿ. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನೂ ಇಲ್ಲ; ಹೊರಗೆ ವಿಚಾರಿಸುವ ಹಕ್ಕು ನಿಮ್ಮದು.

ಜನ ಬಂಪರ್ ಟು ಬಂಪರ್ ಎನ್ನುವ ಝೀರೋ ಡೆಪ್ರಿಸಿಯೇಷನ್ ಬೇಕೇ? ಹೊಸದಾಗಿ ಓಡಿಸುವವರಿಗೆ ಮೊದಲ ಎರಡು ಮೂರು ವರ್ಷ ಬೇಕು ಎಂದೇ ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮ ಜೇಬಿನಿಂದ ಹೋಗುತ್ತದೆ. ಈಗಿನ ಕಾರಿನ ಬಂಪರು ಪ್ಲಾಸ್ಟಿಕ್ಕಿನದೇ. ಹೊಸಬರು ಗೇಟಿನ ಕಂಬಕ್ಕೆ ಒರೆಸುವುದೂ ಅದನ್ನೇ.

ಆದರೆ ಪ್ರತಿ ಗೀರಿಗೂ ಕ್ಲೇಮ್ ಮಾಡಬೇಡಿ. ಕ್ಲೇಮ್ ಇಲ್ಲದೆ ವರ್ಷ ಕಳೆದರೆ ಸ್ವಂತ ಹಾನಿಯ ಕಂತಿನಲ್ಲಿ ಮೊದಲು ಶೇಕಡಾ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50ರಷ್ಟು ರಿಯಾಯಿತಿ. ಇದು ನೋ ಕ್ಲೇಮ್ ಬೋನಸ್. ನಿಮ್ಮ ಸ್ವಂತ ಹಾನಿಯ ಕಂತು 8,000 ಎನ್ನಿ. ಕಾರಿಗೆ 2,500 ರೂಪಾಯಿಯ ಗೀರು ಬಿತ್ತು. ಒಂದೂವರೆ ಸಾವಿರ ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಮೊದಲ 1,000 ನಿಮ್ಮದೇ. ಕೈಗೆ ಬರುವುದು 1,500. ಮುಂದಿನ ವರ್ಷ ಕಳೆದುಕೊಳ್ಳುವ ಬೋನಸ್ 1,600. ಲಾಭ ಯಾರಿಗೆ? ಈ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಅಪ್ಪ ಹಳೆ ಕಾರು ಮಾರಿ ಮಗನ ಹೆಸರಿಗೆ ಹೊಸ ಕಾರು ತಂದರೆ ಅಪ್ಪನ ಬೋನಸ್ ಮಗನಿಗೆ ಬರುವುದಿಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಇಡೀ ಬೋನಸ್ ಹೋಗುತ್ತದೆ.

ಮೂರನೆಯವರು ಕಾರಿನೊಳಗೆ ಕೂತವರು.

ಬರೀ ಥರ್ಡ್ ಪಾರ್ಟಿ ವಿಮೆ ಇರುವ ಖಾಸಗಿ ಕಾರಿನಲ್ಲಿ ಕೂತವರಿಗೆ ಆ ವಿಮೆಯಿಂದ ರಕ್ಷಣೆ ಇಲ್ಲ. ಹೊರಗಿನವರು ಎಂದರೆ ನಿಜವಾಗಿಯೂ ಕಾರಿನ ಹೊರಗಿರುವವರೇ. ಮದುವೆಗೆ ಹೊರಟ ಅತ್ತಿಗೆ, ಆಸ್ಪತ್ರೆಗೆ ಹೊರಟ ಅಜ್ಜಿ, ಹಿಂದೆ ಕೂತ ಗೆಳೆಯ, ಇವರಿಗೆ ಏನಾದರೂ ಆದರೆ ಪರಿಹಾರ ನೀವೇ ಕೊಡಬೇಕಾಗಬಹುದು. ಥರ್ಡ್ ಪಾರ್ಟಿ, ಸ್ವಂತ ಹಾನಿ ಎರಡೂ ಸೇರಿದ ಪ್ಯಾಕೇಜ್ ಪಾಲಿಸಿ, ಅಂದರೆ ನಮ್ಮವರ ಬಾಯಲ್ಲಿ ಫುಲ್ ಇನ್ಸೂರೆನ್ಸ್, ಇದ್ದರೆ ಕಾರಿನೊಳಗಿದ್ದವರ ಹೊಣೆಯನ್ನೂ ಕಂಪನಿ ಹೊರಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಈ ಎರಡು ಪಾಲಿಸಿಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿದೆ. ಹಳೆ ಕಾರಿಗೆ ಥರ್ಡ್ ಪಾರ್ಟಿ ಒಂದೇ ಸಾಕು ಎನ್ನುವವರು ಕಾರಿನ ಬೆಲೆ ಮಾತ್ರ ಯೋಚಿಸಿರುತ್ತಾರೆ. ಅದರಲ್ಲಿ ಕೂರುವ ಮನೆಮಂದಿಯನ್ನು ಮರೆತಿರುತ್ತಾರೆ.

ಇಲ್ಲೇ ವೈಟ್ ಬೋರ್ಡ್ ಬಾಡಿಗೆಯ ಮಾತೂ ಬರುತ್ತದೆ. ಕಾರಿನ ಕಂತು ಕಟ್ಟಲು ನಮ್ಮ ಹುಡುಗರು ದಾವಣಗೆರೆ, ಬಳ್ಳಾರಿಯ ಆಸ್ಪತ್ರೆಗೆ, ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಬಿಳಿ ಬೋರ್ಡಿನ ಕಾರನ್ನೇ ಬಾಡಿಗೆಗೆ ಬಿಡುತ್ತಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂದು ಬರೆದಿರುತ್ತದೆ. ಅಪಘಾತವಾದಾಗ ಪ್ರಯಾಣಿಕರು ಪೊಲೀಸರ ಮುಂದೆ ಬಾಡಿಗೆ ಕೊಟ್ಟಿದ್ದೆವು ಎಂದು ಹೇಳಿಕೆ ಕೊಟ್ಟರೆ ಕಾರಿನ ಕ್ಲೇಮ್ ಅಲ್ಲಿಗೇ ನಿಂತಿತು. ನೊಂದವರಿಗೆ ಕೋರ್ಟು ಕಂಪನಿಯಿಂದ ಹಣ ಕೊಡಿಸಿದರೂ, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಬಿಡಬಹುದು. ಬಾಡಿಗೆ ಓಡಿಸುವುದೇ ಉದ್ದೇಶವಾದರೆ ಯೆಲ್ಲೋ ಬೋರ್ಡ್ ಮಾಡಿಸಿ, ಪರ್ಮಿಟ್ ತೆಗೆಸಿ, ಅದಕ್ಕೆ ತಕ್ಕ ವಿಮೆ ಮಾಡಿಸಿ.

ಕೊನೆಗೆ ಸ್ಟೀರಿಂಗ್ ಹಿಡಿದವರು. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಬಿಟ್ಟುಹೋಗಿರುವುದು ಇವರೇ.

ಕಾರಿನ ಪಾಲಿಸಿಯ ಜೊತೆ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇರಬೇಕು. ಅದು ಯಾರಿಗೆ? ಓನರ್-ಡ್ರೈವರಿಗೆ. ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ನಮ್ಮಲ್ಲಿ ಸಾಲ ಸಿಗಲಿ ಅಂತ ಕಾರನ್ನು ಸರ್ಕಾರಿ ನೌಕರಿಯ ಅಪ್ಪನ ಹೆಸರಿಗೋ ಶಾಲೆಯಲ್ಲಿ ಟೀಚರಾಗಿರುವ ಅಮ್ಮನ ಹೆಸರಿಗೋ ಮಾಡಿಸುತ್ತಾರೆ. ಅಪ್ಪನಿಗೆ ಲೈಸೆನ್ಸ್ ಇಲ್ಲ, ಓಡಿಸುವವನು ಮಗ. ಆಗ ಈ 15 ಲಕ್ಷ ಅಪ್ಪನಿಗೂ ಇಲ್ಲ, ಮಗನಿಗೂ ಇಲ್ಲ.

ಮಗ ಥರ್ಡ್ ಪಾರ್ಟಿ ಎಂದು ಪರಿಹಾರ ಕೇಳಬಹುದಲ್ಲ ಅನ್ನಬಹುದು. ನಮ್ಮ ಹೆದ್ದಾರಿ 50ರ ಮೇಲೇ ಇರುವ ಇಳಕಲ್ಲಿನ ಕಡೆಯ ಒಂದು ಪ್ರಕರಣವಿದೆ. ಒಬ್ಬ ವ್ಯಕ್ತಿ ಬೇರೆಯವರ ಬೈಕು ಎರವಲು ಪಡೆದು ಇಳಕಲ್ಲಿನಿಂದ ಗುಡೂರಿಗೆ ಹೋಗುತ್ತಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಥಟ್ಟನೆ ನಿಂತಿತು, ಬೈಕು ಅದಕ್ಕೆ ಬಡಿಯಿತು, ಆತ ತೀರಿಕೊಂಡ. 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಗಾಡಿ ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುತ್ತಿದ್ದ ಆಗಿನ 163-ಎ ಕಲಮಿನಡಿ ಆ ಗಾಡಿಯ ವಿಮಾ ಕಂಪನಿಯಿಂದ ಕೇಳಲಾಗದು. ಬೇರೆ ಕಲಮಿನಡಿ ಪರಿಶೀಲಿಸಲು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ಎದುರಿಗೆ ಇನ್ನೊಂದು ಗಾಡಿಯ ತಪ್ಪೇ ಇಲ್ಲದೆ, ಅಪ್ಪನ ಕಾರನ್ನು ಮಗ ತಾನೇ ಮರಕ್ಕೆ ಗುದ್ದಿದರೆ, ಆ ಮನೆಗೆ ಯಾರು ಕೊಡಬೇಕು?

ದಾರಿ ಕಷ್ಟದ್ದೇನಲ್ಲ. ಸಾಧ್ಯವಿದ್ದರೆ ಓಡಿಸುವವರ ಹೆಸರಿಗೇ ಕಾರು ಮಾಡಿಸಿ. ಆಗದಿದ್ದರೆ ಅವರ ಹೆಸರಿಗೆ ಪ್ರತ್ಯೇಕ ಅಪಘಾತ ವಿಮೆ ತೆಗೆದುಕೊಳ್ಳಿ. ಕಾರಿನಲ್ಲಿ ಕೂರುವವರಿಗೂ ತಲೆಗೆ ಇಷ್ಟು ಎಂದು ಹೆಚ್ಚುವರಿ ರಕ್ಷಣೆ ಸೇರಿಸಬಹುದು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ. ಹದಿನೆಂಟರಿಂದ ಎಪ್ಪತ್ತರವರೆಗಿನ ಎಲ್ಲರೂ ಸೇರಬಹುದು. ಅದೊಂದೇ ಸಾಲದು, ಆದರೆ ಅದೂ ಇಲ್ಲದ ಮನೆ ಇರಬಾರದು.

ಲೈಸೆನ್ಸಿನ ಬಗ್ಗೆ ಎರಡು ಮಾತು. ಕಲಿಕಾ ಲೈಸೆನ್ಸ್ ಇರುವವರು ಓಡಿಸುವಾಗ ಹಿಂದೆ ಮುಂದೆ ಕೆಂಪು 'ಎಲ್' ಇರಬೇಕು, ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು ಕೂತಿರಬೇಕು. ಹೀಗಿದ್ದರೆ ವಿಮೆ ನಡೆಯುತ್ತದೆ, ಇಲ್ಲದಿದ್ದರೆ ತಕರಾರು. ಇನ್ನು ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಡುವ ಅಪ್ಪಂದಿರು ಕೇಳಿ. 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ನಿಮಗೇ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ನಮ್ಮ ಕಡೆ ಮೊದಲ ಕಾರು ಬಹುಪಾಲು ಸೆಕೆಂಡ್ ಹ್ಯಾಂಡೇ. ದುಡ್ಡು ಕೊಟ್ಟು, ಕೀಲಿ ಇಸಿದುಕೊಂಡು, 29 ಮತ್ತು 30ನೇ ನಮೂನೆಗೆ ಸಹಿ ಮಾಡಿಸಿಕೊಂಡು ತಿಂಗಳುಗಟ್ಟಲೆ ಟ್ರಂಕಿನಲ್ಲಿಡುವವರಿದ್ದಾರೆ. ಆರ್‌ಸಿ ಹೆಸರು ಬದಲಾಯಿಸಲು ಕೊಂಡವರಿಗೆ ಕಾಯ್ದೆ ಕೊಟ್ಟಿರುವ ಅವಧಿ 30 ದಿನ. ವಿಮೆ ವರ್ಗಾಯಿಸಲು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ರಕ್ಷಣೆ ತಾನಾಗಿಯೇ ಹೊಸಬರಿಗೆ ಬಂದರೂ, ಕಾರಿನ ಸ್ವಂತ ಹಾನಿಯದು ಹೆಸರು ಬದಲಾಗದೆ ಸಿಗುವುದಿಲ್ಲ. ಮಾರಿದವರಿಗೂ ಎಚ್ಚರ ಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆ ಗಾಡಿಗೆ ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಬೇಕು. ಪಾಲಿಸಿ ಅಸಲಿಯೋ ನಕಲಿಯೋ ತಿಳಿಯಲು ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ನೋಡಿ.

ದೇವರು ದೊಡ್ಡವನು, ಅಪಘಾತ ಆಗದಿರಲಿ. ಒಂದು ವೇಳೆ ಆದರೆ, ಓಡಿಹೋಗಬೇಡಿ. ಗಾಯಗೊಂಡವರಿಗೆ 108 ಕರೆಸಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದಷ್ಟು ನಗದುರಹಿತ ಚಿಕಿತ್ಸೆ ಇದೆ. ಠಾಣೆಗೆ ತಿಳಿಸಿ, ಅದೇ ದಿನ ವಿಮಾ ಕಂಪನಿಗೂ ತಿಳಿಸಿ. ಸರ್ವೇಯರ್ ನೋಡುವ ಮುಂಚೆ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಕುಡಿದು ಓಡಿಸಿದ್ದರೆ ನಿಮ್ಮ ಕಾರಿಗೆ ಯಾವ ಕ್ಲೇಮೂ ಇಲ್ಲ; ಅದಕ್ಕೆ ಯಾವ ಹೆಚ್ಚುವರಿ ರಕ್ಷಣೆಯೂ ಇಲ್ಲ.

ಕಂಪನಿ ಅನ್ಯಾಯವಾಗಿ ಕ್ಲೇಮ್ ನಿರಾಕರಿಸಿದರೆ ಸುಮ್ಮನಿರಬೇಡಿ. ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಸಹಾಯವಾಣಿ 155255. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಇವತ್ತು ರಾತ್ರಿ ಊಟವಾದ ಮೇಲೆ ಪಾಲಿಸಿ ಹಾಳೆ ತೆಗೆಯಿರಿ. ನಾಲ್ಕೇ ಪ್ರಶ್ನೆ ಕೇಳಿಕೊಳ್ಳಿ. ಥರ್ಡ್ ಪಾರ್ಟಿ ಯಾವ ದಿನದವರೆಗೆ ಇದೆ? ಸ್ವಂತ ಹಾನಿಯ ವಿಮೆ ಯಾವ ದಿನದವರೆಗೆ ಇದೆ? ಒಳಗೆ ಕೂರುವವರು ಸೇರಿದ್ದಾರೆಯೇ? ಓಡಿಸುವವರಿಗೆ ಅಪಘಾತ ವಿಮೆ ಇದೆಯೇ? ಉತ್ತರ ಸಿಗದ ಪ್ರಶ್ನೆಗೆ ಬೆಳಿಗ್ಗೆ ಏಜೆಂಟರಿಗೆ ಫೋನು ಮಾಡಿ, ಉತ್ತರವನ್ನು ಬರೆದು ಕೊಡಿ ಎಂದು ಕೇಳಿ. ಬಾಯಿಮಾತಿನಲ್ಲಿ "ಐತಿ ತಗೋರಿ" ಎಂದರೆ ಒಪ್ಪಬೇಡಿ. ಕೋರ್ಟಿನಲ್ಲಿ ನಡೆಯುವುದು ಪಾಲಿಸಿಯಲ್ಲಿ ಅಚ್ಚಾದ ಮಾತು ಮಾತ್ರ.